ಊರಿನ ಹೆಸರು ಹಿಡಿದು ಕರೆಯುವವರು

ಪ್ಯಾಲೆಸ್ತೀನಿನ ಹಳ್ಳಿಯ ಮದುವೆಯಲ್ಲಿ ಹಾಡುಗಾರ ಬಾಯಿ ತೆರೆದೊಡನೆ ಮಾಡುವ ಕೆಲಸ, ಬಂದವರನ್ನು ಮನೆತನದ ಹೆಸರು, ಊರಿನ ಹೆಸರು ಹಿಡಿದು ಬರಮಾಡಿಕೊಳ್ಳುವುದು. ಮದುವೆಯ ಹಿಂದಿನ ರಾತ್ರಿಯ ಜಾಗರಣೆಯನ್ನು ಅವರು ಸಹ್ರಾ ಎನ್ನುತ್ತಾರೆ. ಅಂದು ಗಂಡಸರು ಭುಜಕ್ಕೆ ಭುಜ ತಾಗಿಸಿ ಸಾಲುಗಟ್ಟಿ ನಿಲ್ಲುತ್ತಾರೆ. ಎದುರಿಗೆ ಇಬ್ಬರು ಹಾಡುಗಾರರು. ಗಲಿಲೀ ಸೀಮೆಯಲ್ಲಿ ಇವರಿಗೆ ಹದ್ದಾ ಎಂದು ಹೆಸರು. ಒಬ್ಬ ಆ ಗಳಿಗೆಯಲ್ಲೇ ಕಟ್ಟಿದ ನಾಲ್ಕು ಸಾಲು ಹಾಡುತ್ತಾನೆ. ಸಾಲಿನಲ್ಲಿ ನಿಂತವರು ಚಪ್ಪಾಳೆಯ ಲಯ ಬಿಡದೆ ಪಲ್ಲವಿ ಎತ್ತಿಕೊಳ್ಳುತ್ತಾರೆ. ಪಲ್ಲವಿ ಮುಗಿಯುವಷ್ಟರಲ್ಲಿ ಇನ್ನೊಬ್ಬ ತನ್ನ ಉತ್ತರ ಹೊಂದಿಸಿಕೊಂಡಿರಬೇಕು. ಕತ್ತಿ ಹೆಚ್ಚೋ ಲೇಖನಿ ಹೆಚ್ಚೋ, ಕಪ್ಪು ಚೆಲುವೆ ಚೆಂದವೋ ಬಿಳಿ ಚೆಲುವೆ ಚೆಂದವೋ ಎಂಬ ಸವಾಲ್-ಜವಾಬ್ ನಡುರಾತ್ರಿ ದಾಟಿಯೂ ನಡೆಯುತ್ತದೆ. ಆದರೆ ಸವಾಲಿಗೆ ಮುಂಚೆ ಸ್ವಾಗತವಾಗಬೇಕು. ಇಂಥ ಊರಿನವರು ಬಂದಿದ್ದಾರೆ, ಅವರಿಂದ ಈ ಅಂಗಳಕ್ಕೆ ಕಳೆ ಬಂತು ಎಂದು ಪದ ಕಟ್ಟಿ ಹೇಳಬೇಕು. ಹೀಗೆ ಕರೆಸಿಕೊಂಡ ಮೇಲೆಯೇ ಅಲ್ಲಲ್ಲಿಂದ ಬಂದವರು ಒಂದು ಸಭೆಯಾಗುತ್ತಾರೆ. 2013ರಲ್ಲಿ ‘ಅರಬ್ ಐಡಲ್’ ಎಂಬ ಟಿವಿ ಗಾಯನ ಸ್ಪರ್ಧೆ ಗೆದ್ದ ಮುಹಮ್ಮದ್ ಅಸ್ಸಾಫ್ ಎಂಬ ಗಾಯಕನನ್ನು ಅರಿಯಬೇಕಾದರೆ ಟಿವಿ ಸ್ಟುಡಿಯೋದ ದೀಪಗಳಿಗಿಂತ ಮೊದಲು ಈ ಅಂಗಳವನ್ನು ನೋಡಬೇಕು ಎಂಬುದು ನನ್ನ ವಾದ.

ಅಸ್ಸಾಫ್‌ನ ಕಥೆಯನ್ನು ಜಗತ್ತಿನ ಪತ್ರಿಕೆಗಳು ಒಂದೇ ಧಾಟಿಯಲ್ಲಿ ಹೇಳಿದವು. 1989ರಲ್ಲಿ ಲಿಬಿಯಾದ ಮಿಸ್ರಾತಾದಲ್ಲಿ ಹುಟ್ಟಿ, ನಾಲ್ಕನೇ ವಯಸ್ಸಿನ ಹೊತ್ತಿಗೆ ಗಾಜಾದ ಖಾನ್ ಯೂನಿಸ್ ನಿರಾಶ್ರಿತರ ಶಿಬಿರಕ್ಕೆ ಬಂದ ಹುಡುಗ. ಮದುವೆಗಳಲ್ಲಿ ಹಾಡುತ್ತಿದ್ದವನು ಗಡಿ ದಾಟಿ, ಕೈರೋದ ಹೋಟೆಲಿನ ಗೋಡೆ ಹಾರಿ, ಕೊನೆಗೆ ಬೈರೂತ್‌ನ ವೇದಿಕೆಯಲ್ಲಿ ಅರಬ್ ಜಗತ್ತಿನ ಕಣ್ಮಣಿಯಾದ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಧಾಟಿಯಲ್ಲಿ ‘ಮದುವೆಗಳಲ್ಲಿ ಹಾಡುತ್ತಿದ್ದ’ ಎಂಬ ಮಾತು ಬಡತನದ ಗುರುತಾಗಿ ಮಾತ್ರ ಬರುತ್ತದೆ. ಯಾರೋ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ, ಆಮೇಲೆ ದೊಡ್ಡವನಾದ ಎನ್ನುವ ಹಾಗೆ. ಮದುವೆಯ ಹಾಡುಗಾರಿಕೆ ಪ್ಯಾಲೆಸ್ತೀನಿಯರಲ್ಲಿ ಒಂದು ಕಸುಬು. ಅದಕ್ಕೆ ತನ್ನದೇ ವಿದ್ಯೆ ಇದೆ, ಕಟ್ಟಳೆ ಇದೆ, ದೀರ್ಘವಾದ ಇತಿಹಾಸವಿದೆ. ಅಸ್ಸಾಫ್ ಆ ಕಸುಬಿನಿಂದ ತಪ್ಪಿಸಿಕೊಂಡು ಟಿವಿಗೆ ಹೋಗಲಿಲ್ಲ, ಕಸುಬನ್ನು ಹೊತ್ತುಕೊಂಡೇ ಹೋದ.

ಇಪ್ಪತ್ತನೇ ಶತಮಾನದ ಮೊದಲರ್ಧದ ಪ್ಯಾಲೆಸ್ತೀನಿನಲ್ಲಿ ಹಾಡಿಗೆ ಎರಡು ಮನೆಗಳಿದ್ದವು. ಒಂದು ಪಟ್ಟಣದ್ದು. ಜೆರೂಸಲೇಂನಲ್ಲಿ 1897ರಲ್ಲಿ ಹುಟ್ಟಿದ ಊದ್ ವಾದಕ ವಾಸಿಫ್ ಜೌಹರಿಯ್ಯ ಬರೆದಿಟ್ಟ ನೆನಪುಗಳಲ್ಲಿ ಆ ಪಟ್ಟಣದ ಬೈಠಕ್ಕುಗಳು, ಹಬ್ಬಗಳು, ಮುಸ್ಲಿಮರು, ಕ್ರೈಸ್ತರು, ಯಹೂದಿಗಳು ಒಟ್ಟಿಗೆ ಕೂತು ಕೇಳಿದ ರಾತ್ರಿಗಳು ತುಂಬಿಕೊಂಡಿವೆ. 1936ರ ಮಾರ್ಚ್ 30ರಂದು ಬ್ರಿಟಿಷರು ಜೆರೂಸಲೇಂನಲ್ಲಿ ರೇಡಿಯೋ ಕೇಂದ್ರ ಆರಂಭಿಸಿದಾಗ ಅದರ ಅರಬ್ಬೀ ವಿಭಾಗದ ಹೊಣೆ ಹೊತ್ತವರು ನಾಬ್ಲುಸ್‌ನ ಕವಿ ಇಬ್ರಾಹೀಮ್ ತೂಕಾನ್. ಈ ಪಟ್ಟಣದ ಸಂಗೀತ ಕೈರೋದ ಕಡೆ ಕಿವಿ ಇಟ್ಟಿತ್ತು. ಇನ್ನೊಂದು ಮನೆ ಹಳ್ಳಿಯದು: ಅತಾಬಾ, ಮೀಜನಾ, ದಲ್‌ಓನಾ ಎಂಬ ಮಟ್ಟುಗಳು, ಜೋಡಿ ಬಿದಿರಿನ ಮಿಜ್ವಿಜ್ ಪೀಪಿ, ದಬ್ಕೆ ಕುಣಿತ. ಈ ಎರಡನ್ನೂ ಬೆಸೆದವನು ಹೈಫಾದ ನೂಹ್ ಇಬ್ರಾಹೀಮ್. ಮುದ್ರಣಾಲಯದಲ್ಲಿ ದುಡಿಯುತ್ತಿದ್ದ ಈ ತರುಣ, ಮದುವೆಯಂಗಳದ ಮಟ್ಟುಗಳಲ್ಲೇ ದಿನದ ಸುದ್ದಿಗಳನ್ನು ಹಾಡಿದ. 1930ರ ಜೂನ್ 17ರಂದು ಅಕ್ಕಾ ಜೈಲಿನಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ ಮೂವರ ಮೇಲಿನ ಹಾಡು ಅವನದೆಂದೇ ಜನ ಇಂದಿಗೂ ಹೇಳುತ್ತಾರೆ. ಬ್ರಿಟಿಷ್ ಆಡಳಿತ ಅವನ ಪದಗಳನ್ನು ನಿಷೇಧಿಸಿತು, ಅವನನ್ನು ಜೈಲಿಗೂ ಹಾಕಿತು. ಬ್ರಿಟಿಷರ ವಿರುದ್ಧದ ಅರಬ್ ದಂಗೆಯಲ್ಲಿ ಸೇರಿಕೊಂಡಿದ್ದ ಅವನು 1938ರಲ್ಲಿ, ಇಪ್ಪತ್ತೈದರ ಆಸುಪಾಸಿನಲ್ಲಿ, ಕೊಲ್ಲಲ್ಪಟ್ಟ. ಅಸ್ಸಾಫ್‌ಗೆ ಮುಕ್ಕಾಲು ಶತಮಾನ ಮೊದಲೇ ಪ್ಯಾಲೆಸ್ತೀನಿಗೆ ಜನಪ್ರಿಯ ಗಾಯಕನೊಬ್ಬನಿದ್ದ, ಅವನ ಬಂಡವಾಳವೂ ಹಳ್ಳಿಯ ಮದುವೆಯ ಮಟ್ಟೇ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಇಸ್ರೇಲ್ ಹುಟ್ಟಿದ 1948ರ ಯುದ್ಧ ಈ ಎರಡೂ ಮನೆಗಳನ್ನು ಒಡೆಯಿತು, ಆದರೆ ಒಂದೇ ರೀತಿಯಲ್ಲಿ ಅಲ್ಲ. ಏಳು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟು ಚೆದುರಿದಾಗ ಪಟ್ಟಣದ ಸಂಗೀತಗಾರರು ಬೇರೆ ಬೇರೆ ರಾಜಧಾನಿಗಳ ರೇಡಿಯೋ ಕೇಂದ್ರಗಳನ್ನು ಸೇರಿದರು. ನಾಬ್ಲುಸ್‌ನ ಊದ್ ವಾದಕ ರೂಹಿ ಅಲ್-ಖಮ್ಮಾಶ್ ಬಗ್ದಾದಿನವನಾದ. ಹೈಫಾದಲ್ಲಿ ಬೆಳೆದು ಜಾಫಾದ ರೇಡಿಯೋದಲ್ಲಿ ದುಡಿದಿದ್ದ ಹಲೀಮ್ ಅಲ್-ರೂಮಿ ಬೈರೂತ್ ರೇಡಿಯೋ ಸೇರಿ ಫೈರೂಜ್‌ಳಂಥ ಗಾಯಕಿಯನ್ನು ಬೆಳಕಿಗೆ ತಂದರು. ಹೀಗೆ ಪ್ಯಾಲೆಸ್ತೀನಿನ ಪಟ್ಟಣದ ಸಂಗೀತ ಇತರ ಅರಬ್ ದೇಶಗಳ ಸಂಗೀತದಲ್ಲಿ ಕರಗಿತು. ಹಳ್ಳಿಯ ಹಾಡುಗಾರನಿಗೆ ಹೋಗಲು ರೇಡಿಯೋ ಕೇಂದ್ರವಿರಲಿಲ್ಲ. ಅವನು ಊರಿನವರ ಜೊತೆ ಶಿಬಿರಕ್ಕೆ ಹೋದ. ಯುದ್ಧದ ಮರುವರ್ಷಗಳಲ್ಲಿ ಖಾನ್ ಯೂನಿಸ್ ಶಿಬಿರವೊಂದರಲ್ಲೇ ಸುಮಾರು 35,000 ನಿರಾಶ್ರಿತರು ಬೀಡುಬಿಟ್ಟರು. ಹಲವು ಶಿಬಿರಗಳಲ್ಲಿ ಡೇರೆಗಳು, ಆಮೇಲೆ ತಗಡಿನ ಮನೆಗಳು, ಬಿಟ್ಟುಬಂದ ಊರುಗಳ ಪ್ರಕಾರವೇ ಗುಂಪುಗುಂಪಾಗಿ ಎದ್ದವು. ಕೇರಿಗೆ ಹಳೆಯ ಊರಿನ ಹೆಸರೇ ನಿಂತಿತು. ಮದುವೆಯಾದಾಗ ಹಾಡುಗಾರ ಎಂದಿನಂತೆ ಬೈತ್ ದರಾಸ್‌ನವರಿಗೆ ಸ್ವಾಗತ ಹೇಳಿದ. ಆದರೆ ಬೈತ್ ದರಾಸ್ ಎಂಬ ಊರು ಆಗ ನೆಲದ ಮೇಲೆ ಇರಲಿಲ್ಲ. ಅಂಗಳಕ್ಕೆ ಕಳೆಯಾಗಿದ್ದ ಪದ್ಧತಿ ಸದ್ದಿಲ್ಲದೆ ಇನ್ನೊಂದು ಭಾರ ಹೊತ್ತಿತು: ಇಲ್ಲದ ಊರುಗಳ ಹಾಜರಿ ತೆಗೆದುಕೊಳ್ಳುವುದು. ಅಸ್ಸಾಫ್‌ನ ತಾಯಿಯ ಮನೆತನ ಆ ಬೈತ್ ದರಾಸ್‌ನದು, ತಂದೆಯ ಮನೆತನ ಬೀರ್ ಸಬಾದ್ದು.

ಇಸ್ರೇಲಿನೊಳಗೇ ಉಳಿದ ಪ್ಯಾಲೆಸ್ತೀನಿಯರ ಮೇಲೆ 1966ರವರೆಗೆ ಮಿಲಿಟರಿ ಆಡಳಿತವಿತ್ತು. ಊರಿಂದೂರಿಗೆ ಹೋಗಲು ಪರವಾನಗಿ ಬೇಕು, ಸಭೆ ಸೇರುವಂತಿಲ್ಲ. ಮದುವೆಯನ್ನು ಮಾತ್ರ ಯಾವ ಆಡಳಿತವೂ ಪೂರ್ತಿ ತಡೆಯಲಾರದು. ಹಾಗಾಗಿ ಗಲಿಲೀಯ ಹಳ್ಳಿಗಳಲ್ಲಿ ಮದುವೆಯ ರಾತ್ರಿಯೇ ಸಭೆಯಾಯಿತು, ಹದ್ದಾನೇ ಭಾಷಣಕಾರನಾದ, ಹಾಡಿದ ಪದಕ್ಕಾಗಿ ವಿಚಾರಣೆ ಎದುರಿಸಿದ. ಗಡಿಯಾಚೆ, ಶಜರಾ ಎಂಬ ಹಳ್ಳಿಯಿಂದ ಹೊರಬಿದ್ದ ಇಬ್ರಾಹೀಮ್ ಮುಹಮ್ಮದ್ ಸಾಲಿಹ್, ಜನರ ಬಾಯಲ್ಲಿ ಅಬೂ ಅರಬ್, ಸಿರಿಯಾದ ಹೋಮ್ಸ್‌ನಲ್ಲಿದ್ದುಕೊಂಡು ಅದೇ ಅತಾಬಾ, ಮೀಜನಾಗಳಲ್ಲಿ ಅರ್ಧ ಶತಮಾನ ಹಾಡಿದ. ಎಂಬತ್ತು ದಾಟಿದ ಮೇಲೆ 2012ರಲ್ಲಿ ಒಮ್ಮೆ ತನ್ನ ಊರಿನ ನೆಲ ಕಂಡು, 2014ರಲ್ಲಿ ಹೋಮ್ಸ್‌ನಲ್ಲೇ ತೀರಿಕೊಂಡ. ಈ ಪದ್ಧತಿಗೆ ಮೌನದ ಕಾಲವೂ ಇತ್ತು. 1987ರಲ್ಲಿ ಇಸ್ರೇಲಿ ಹಿಡಿತದ ವಿರುದ್ಧ ಮೊದಲ ಇಂತಿಫಾದಾ, ಅಂದರೆ ಜನರ ದಂಗೆ, ಶುರುವಾದಾಗ, ಸತ್ತವರಿಗೆ, ಜೈಲಿನಲ್ಲಿದ್ದವರಿಗೆ ಗೌರವವಾಗಿ, ವೆಸ್ಟ್ ಬ್ಯಾಂಕ್ ಮತ್ತು ಗಾಜಾದಲ್ಲಿ ಹಾಡು-ವಾದ್ಯಗಳಿಲ್ಲದ ಸಪ್ಪೆ ಮದುವೆಗಳೇ ವರ್ಷಗಟ್ಟಲೆ ನಡೆದವು. ಹಾಡದೆ ಇರುವುದೂ ಮಾತಾಡುವ ಬಗೆಯಾಗುವುದು ಹಾಡಿಗೆ ಅಷ್ಟು ತೂಕವಿರುವ ಸಮಾಜದಲ್ಲಿ ಮಾತ್ರ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಹದ್ದಾ ಉತ್ತರದ ಗಲಿಲೀಯವನು. ಅಸ್ಸಾಫ್ ದಕ್ಷಿಣದ ಗಾಜಾದವನು. ನಕಬ್ ಮರುಭೂಮಿಗೆ ತಾಗಿದ ದಕ್ಷಿಣದಲ್ಲಿ ಬೆದುಯಿನರ ದಹಿಯ್ಯಾ ಎಂಬ ಸಾಲುಚಪ್ಪಾಳೆಯ ಪದವೇ ಹೆಚ್ಚು. ಅಷ್ಟೇ ಅಲ್ಲ, ಅಸ್ಸಾಫ್ ಬೆಳೆದ ಕಾಲದ ಗಾಜಾ ಮದುವೆಯಲ್ಲಿ ಆಶುಕವಿ ಹಿನ್ನೆಲೆಗೆ ಸರಿದಿದ್ದ. ಮದುವೆಯ ಹಿಂದಿನ ಸಂಜೆ ಬೀದಿಗೆ ಅಡ್ಡಲಾಗಿ ವೇದಿಕೆ, ಬಣ್ಣದ ಬಲ್ಬುಗಳ ಸರ, ಎರಡು ಕಡೆ ಆಳೆತ್ತರದ ಸ್ಪೀಕರ್, ಒಂದು ಕೀಬೋರ್ಡ್, ಮೈಕ್ ಹಿಡಿದ ಗಾಯಕ, ಮುಂದೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಕುರ್ಚಿ ಬಿಟ್ಟೆದ್ದು ಕುಣಿಯುವ ಹುಡುಗರು. ಇವನು ಹಳೆಯ ಹಾಡುಗಾರನ ವಾರಸುದಾರ ಹೇಗಾದಾನು ಎಂದು ಕೇಳಬಹುದು. ವಾರಸು ಇರುವುದು ಆಶುಕವಿತ್ವದಲ್ಲಿ ಮಾತ್ರ ಎಂದುಕೊಂಡರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಆದರೆ ಬೀದಿಯ ವೇದಿಕೆಯ ಗಾಯಕನೂ ವರನ ಮನೆಯವರು ಹಣ ಕೊಟ್ಟು ಕರೆಸಿದವನೇ. ಅವನೂ ಮನೆತನಗಳನ್ನು ಹೆಸರಿಸಿ ಸ್ವಾಗತಿಸುತ್ತಾನೆ, ದಲ್‌ಓನಾದಿಂದ ದೇಶದ ಹಾಡಿಗೆ, ಅಲ್ಲಿಂದ ಈಜಿಪ್ಟಿನ ಗಾಯಕ ಅಬ್ದುಲ್ ಹಲೀಮ್ ಹಾಫಿಜ್‌ನ ಪ್ರೇಮಗೀತೆಗೆ ಜನರ ಮುಖ ನೋಡಿಯೇ ದಾಟುತ್ತಾನೆ. ಮಾತು ಕಟ್ಟುವ ಚಮತ್ಕಾರ ಹೋಯಿತು, ಸಭೆ ಕಟ್ಟುವ ವಿದ್ಯೆ ಉಳಿಯಿತು. 2007ರಲ್ಲಿ ಹಮಾಸ್ ಆಡಳಿತ ಬಂದು, ಇಸ್ರೇಲ್ ಮತ್ತು ಈಜಿಪ್ಟ್ ಗಡಿ ಬಿಗಿ ಮಾಡಿದ ಮೇಲೆ ಗಾಜಾದಲ್ಲಿ ಸಾರ್ವಜನಿಕ ಸಂಗೀತ ಕಛೇರಿಗಳು ಕ್ಷೀಣಿಸಿದವು. ಮಿಲಿಟರಿ ಆಡಳಿತದ ಗಲಿಲೀಯಲ್ಲಿ ಆದಂತೆಯೇ ಇಲ್ಲಿಯೂ ಮದುವೆಯೇ ಉಳಿದ ವೇದಿಕೆಯಾಯಿತು. ಹನ್ನೊಂದರ ಹುಡುಗನಾಗಿದ್ದಾಗಲೇ, ಎರಡನೇ ಇಂತಿಫಾದಾದ ದಿನಗಳಲ್ಲಿ, ‘ಶಿದ್ದಿ ಹೇಲಕ್ ಯಾ ಬಲದ್’ ಎಂಬ ಹಾಡಿನಿಂದ ಊರಿಗೆ ಪರಿಚಿತನಾಗಿದ್ದ ಅಸ್ಸಾಫ್ ಹದಿಹರೆಯದಿಂದ ಈ ಬೀದಿಗಳಲ್ಲಿ ಪಳಗಿದ.

ಈಗ ಸ್ಪರ್ಧೆಗೆ ಬರೋಣ. ರಫಾ ಗಡಿಯಲ್ಲಿ ಎರಡು ದಿನ ಕಾದು ಕೈರೋ ತಲುಪಿದಾಗ ಧ್ವನಿ ಪರೀಕ್ಷೆಯ ಹೋಟೆಲಿನ ಬಾಗಿಲು ಮುಚ್ಚಿತ್ತು. ಗೋಡೆ ಹಾರಿ ಒಳಗೆ ಬಂದರೆ ಸರದಿಯ ಚೀಟಿಗಳು ಮುಗಿದಿದ್ದವು. ಅಸ್ಸಾಫ್ ಕಾಯುತ್ತಿದ್ದವರ ನಡುವೆ ನಿಂತು ಹಾಡತೊಡಗಿದ. ಕೇಳಿದ ಇನ್ನೊಬ್ಬ ಪ್ಯಾಲೆಸ್ತೀನಿ ಸ್ಪರ್ಧಿ ಎದ್ದುಬಂದು ತನ್ನ ಚೀಟಿಯನ್ನೇ ಅವನಿಗೆ ಕೊಟ್ಟ. ಈ ಪ್ರಸಂಗವನ್ನು ಎಲ್ಲರೂ ತ್ಯಾಗದ ಕಥೆಯಾಗಿ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದಕ್ಕೂ ಮುಂಚಿನ ಗಳಿಗೆ. ವೇದಿಕೆ ಇಲ್ಲ, ಮೈಕ್ ಇಲ್ಲ, ತೀರ್ಪುಗಾರರಿಲ್ಲ. ಇದ್ದ ಜನರ ಮುಂದೆ ನಿಂತು ಹಾಡಿ ಅಲ್ಲೇ ಸಭೆ ಮಾಡಿಕೊಂಡ. ಸ್ಟುಡಿಯೋದಲ್ಲಿ ಮಾತ್ರ ಅಭ್ಯಾಸ ಮಾಡಿದವನಿಗೆ ಅದು ಹೊಳೆಯುವ ಉಪಾಯವಲ್ಲ. ಮುಂದೆ ಬೈರೂತ್‌ನ ವಾರವಾರದ ಸುತ್ತುಗಳಲ್ಲಿ ಅವನು ತರಬ್ ಎಂಬ ಹಳೆಯ ಅರಬ್ ಗಾಯನ ಸಂಪ್ರದಾಯದ ದೊಡ್ಡ ಹಾಡುಗಳನ್ನು ಹಾಡಿ ತೀರ್ಪುಗಾರ ರಾಗಿಬ್ ಅಲಾಮಾರಿಂದ ‘ರಾಕೆಟ್’ ಎಂಬ ಬಿರುದು ಪಡೆದ. ಆದರೆ ಜನ ಎದ್ದು ನಿಂತದ್ದು ಎರಡು ಹಾಡುಗಳಿಗೆ. ಒಂದು ‘ಅಲ್ಲಿ ಅಲ್-ಕೂಫಿಯ್ಯ’, ಕೆಫಿಯಾ ಎಂಬ ತಲೆವಸ್ತ್ರ ಎತ್ತಿ ಕುಣಿಯಲು ಕರೆಯುವ ದಬ್ಕೆ ಹಾಡು. ಇನ್ನೊಂದು ‘ಯಾ ತೈರ್ ಅಲ್-ತಾಯಿರ್’. ಅದರಲ್ಲಿ ಹಾಡುಗಾರ ಹಾರುವ ಹಕ್ಕಿಗೆ ದಾರಿ ಹೇಳುತ್ತಾನೆ: ಸಫದ್‌ನ ಮೇಲೆ ಹಾದುಹೋಗು, ತಬರಿಯ್ಯಾದ ಕಡೆ ತಿರುಗು, ಅಕ್ಕಾ, ಹೈಫಾಗಳ ಕಡಲಿಗೆ ನಮಸ್ಕಾರ ಹೇಳು ಎಂಬ ಅರ್ಥದಲ್ಲಿ ಊರಿಂದೂರಿಗೆ ಕಳಿಸುತ್ತಾನೆ. ಗಾಜಾದ ಹುಡುಗ ಕಾಲಿಡಲಾಗದ ಊರುಗಳವು. ಹಾಡು ಕೇಳುವವರಿಗೆ ಅದು ಪ್ರವಾಸದ ಪಟ್ಟಿಯಾಗಿರಲಿಲ್ಲ. ಲೆಬನಾನಿನ ಶಿಬಿರದಲ್ಲಿ ಟಿವಿ ಮುಂದೆ ಕೂತ ಸಫದ್ ಮೂಲದ ಮುದುಕಿಗೆ, ನಜರೆತ್‌ನಲ್ಲಿ ಇಸ್ರೇಲಿ ಪೌರತ್ವ ಹಿಡಿದ ಯುವಕನಿಗೆ, ಚಿಲಿಯಲ್ಲೋ ಕುವೈತ್‌ನಲ್ಲೋ ಇರುವ ಮೂರನೇ ತಲೆಮಾರಿನವರಿಗೆ ಅದು ಮದುವೆಯಂಗಳದ ಕರೆ. 65 ವರ್ಷ ಒಂದೇ ಅಂಗಳದಲ್ಲಿ ನಿಲ್ಲಲು ಆಗದಿದ್ದವರು ಒಂದು ರಾತ್ರಿ ನಿಂತರು. 2013ರ ಜೂನ್ 22ರ ಅಂತಿಮ ಸುತ್ತಿನಲ್ಲಿ ಈಜಿಪ್ಟಿನ ಅಹ್ಮದ್ ಜಮಾಲ್, ಸಿರಿಯಾದ ಫರಾಹ್ ಯೂಸುಫ್ ಇಬ್ಬರನ್ನೂ ಹಿಂದಿಕ್ಕಿ ಅಸ್ಸಾಫ್ ಗೆದ್ದಾಗ ಗಾಜಾದ ಬೀದಿಗಳಲ್ಲಿ ಕಂಡ ಪಟಾಕಿ, ದಬ್ಕೆಗಳು ಮದುವೆಯ ರಾತ್ರಿಯವೇ.

ಇದೆಲ್ಲ ವ್ಯಾಪಾರವಲ್ಲವೇ ಎಂದು ಕೇಳುವವರಿದ್ದಾರೆ. ಕಾರ್ಯಕ್ರಮದ ಅಚ್ಚು ಬ್ರಿಟನ್ನಿನದು, ಚಾನೆಲ್ ಸೌದಿ ಒಡೆತನದ ಎಂಬಿಸಿ, ಪ್ರತಿ ಮತಕ್ಕೂ ಎಸ್ಸೆಮ್ಮೆಸ್ ಹಣ. ಪ್ಯಾಲೆಸ್ತೀನಿ ಫೋನ್ ಕಂಪನಿ ದರ ಇಳಿಸಿತು, ಅಧ್ಯಕ್ಷ ಮಹಮೂದ್ ಅಬ್ಬಾಸ್ ಮತ ಹಾಕಿರೆಂದು ಕರೆ ಕೊಟ್ಟರು. ಈ ಆಕ್ಷೇಪ ಹೊಸದಲ್ಲ, 2004ರಲ್ಲಿ ಇನ್ನೂ ಕಟುವಾಗಿ ಕೇಳಿಬಂದಿತ್ತು. ಆ ವರ್ಷ ಲೆಬನಾನಿನ ಫ್ಯೂಚರ್ ಟಿವಿಯ ‘ಸೂಪರ್ ಸ್ಟಾರ್’ ಸ್ಪರ್ಧೆಯ ಅಂತಿಮ ಸುತ್ತಿಗೆ ವೆಸ್ಟ್ ಬ್ಯಾಂಕಿನ ಸಲ್ಫೀತ್‌ನ ಅಮ್ಮಾರ್ ಹಸನ್ ಏರಿದ್ದ. ಅದೇ ಆಗಸ್ಟಿನಲ್ಲಿ ಇಸ್ರೇಲಿ ಜೈಲುಗಳಲ್ಲಿ ಸಾವಿರಾರು ಪ್ಯಾಲೆಸ್ತೀನಿ ಕೈದಿಗಳು ಉಪವಾಸ ಕೂತಿದ್ದರು. ಬೀದಿಯಲ್ಲಿ ದೊಡ್ಡ ಪರದೆ ಕಟ್ಟಿ ಹಾಡು ನೋಡುವುದು ಕೈದಿಗಳಿಗೆ ಬಗೆದ ದ್ರೋಹ ಎಂದು ಹಲವರು ಸಿಟ್ಟಾದರು. ಅಮ್ಮಾರ್ ಲಿಬಿಯಾದ ಅಯ್ಮನ್ ಅಲ್-ಅಥರ್ ಎದುರು ಸೋತ. ಆ ಸಿಟ್ಟನ್ನು ಹಗುರವಾಗಿ ನೋಡಲಾಗದು. ಅದು ಮೊದಲ ಇಂತಿಫಾದಾದ ಮೌನದ ಮದುವೆಗಳ ನೆನಪಿನಿಂದಲೇ ಬಂದದ್ದು. ಆದರೆ ಅದೇ ಕಾರಣಕ್ಕೆ ಅದು ನನ್ನ ವಾದವನ್ನು ಬಲಪಡಿಸುತ್ತದೆ. ಯಾವುದೋ ಟಿವಿ ಆಟವಾಗಿದ್ದರೆ, ಹಾಡಬೇಕೋ ಬೇಡವೋ ಎಂಬ ಪ್ರಶ್ನೆ ಸಾವು-ನೋವಿನ ಲೆಕ್ಕದಲ್ಲಿ ಚರ್ಚೆಗೆ ಬರುತ್ತಿರಲಿಲ್ಲ. ಮದುವೆಗೆ ಹಾಕುವ ಕಟ್ಟಳೆಯನ್ನೇ ಜನ ಸ್ಪರ್ಧೆಗೂ ಹಾಕಿದರು. ಇನ್ನು ಹಣದ ಮಾತು. ಹದ್ದಾ ಎಂದೂ ಬಿಟ್ಟಿ ಹಾಡಿದವನಲ್ಲ. ದುಡ್ಡು ಕೊಟ್ಟವನನ್ನು ಹೊಗಳುವುದೂ ಅವನ ಕೆಲಸದ ಭಾಗವೇ ಆಗಿತ್ತು. ಕೂಲಿ ತೆಗೆದುಕೊಂಡ ಮಾತ್ರಕ್ಕೆ ಅವನು ಕರೆದ ಊರುಗಳ ಹೆಸರು ಸುಳ್ಳಾಗಲಿಲ್ಲ.

ಹೊಗಳಿಕೆಯ ವಿಷಯ ಅಷ್ಟು ಸುಲಭವಾಗಿ ತೀರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಗೆಲುವಿನ ಮರುಗಳಿಗೆಯೇ ಅಸ್ಸಾಫ್‌ಗೆ ಎಲ್ಲರೂ ಒಡೆಯರಾಗಲು ಹೊರಟರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ತನ್ನ ಯುವ ರಾಯಭಾರಿಯೆಂದಿತು, ಪ್ಯಾಲೆಸ್ತೀನಿ ಪ್ರಾಧಿಕಾರವೂ ರಾಯಭಾರಿಯ ಪದವಿ ಕೊಟ್ಟಿತು. ಮೊದಲು ಇಂಥ ಸ್ಪರ್ಧೆಗಳನ್ನು ಟೀಕಿಸಿದ್ದ ಹಮಾಸ್‌ನ ಕೆಲವರ ದನಿ ಗೆದ್ದ ಮೇಲೆ ತಗ್ಗಿತು. ಎರಡು ಬಣಗಳಾಗಿ ಸೀಳಿದ್ದ ರಾಜಕೀಯದಲ್ಲಿ ಒಂದು ಬಣದ ಹಾಡುಗಾರನಾಗದೆ ಉಳಿಯುವುದು ಕಷ್ಟ, ಅಸ್ಸಾಫ್ ಅದನ್ನು ಪೂರ್ತಿ ನಿಭಾಯಿಸಿದ ಎನ್ನಲಾರೆ. ಪ್ರಾಧಿಕಾರಕ್ಕೆ ಅವನು ಹತ್ತಿರವಾಗಿಯೇ ಕಂಡ. ಆಮೇಲೆ ದುಬೈಗೆ ನೆಲೆ ಬದಲಿಸಿದ, 2014ರಲ್ಲಿ ‘ಅಸ್ಸಾಫ್’ ಆಲ್ಬಂ ತಂದ, 2015ರಲ್ಲಿ ಹಾನಿ ಅಬೂ ಅಸ್ಸದ್ ಅವನ ಬದುಕನ್ನು ಸಿನಿಮಾ ಮಾಡಿದರು. ಅರಬ್ಬೀಯಲ್ಲಿ ಆ ಚಿತ್ರದ ಹೆಸರು ಹಕ್ಕಿಯ ಆ ಹಾಡಿನದೇ. ಅವನ ನಯವಾದ ಪ್ರೇಮಗೀತೆಗಳು ಬೇರೆ ಹತ್ತು ಗಾಯಕರ ಹಾಡುಗಳ ನಡುವೆ ಬೆರೆತುಹೋಗುತ್ತವೆ. ಆ ಹಾಡುಗಳಲ್ಲಿ ದನಿ ಇದೆ, ಎದುರಿಗೆ ಸಭೆ ಇಲ್ಲ. 2015ರ ‘ದಮ್ಮಿ ಫಲಸ್ತೀನಿ’ (ನನ್ನ ರಕ್ತ ಪ್ಯಾಲೆಸ್ತೀನಿ) ಹಾಗಲ್ಲ. ಚಪ್ಪಾಳೆ ಹೊಡೆದೇ ಹಾಡಬೇಕಾದ, ಸಾಲಿನಲ್ಲಿ ನಿಂತವರು ಪಲ್ಲವಿ ಎತ್ತಿಕೊಳ್ಳಬೇಕಾದ ಹಾಡು ಅದು. 2023ರ ಮೇ ತಿಂಗಳಲ್ಲಿ ಸ್ಪಾಟಿಫೈ, ಆಪಲ್ ಮ್ಯೂಸಿಕ್‌ಗಳಲ್ಲಿ ಅದು ಕಾಣೆಯಾದಾಗ, ತೆಗೆದದ್ದು ವಿತರಕರು ಎಂದು ಸ್ಪಾಟಿಫೈ ಹೇಳಿತು. ತೆಗೆದರೂ ಹಾಡು ನಿಲ್ಲಲಿಲ್ಲ, ಅದೇ ವರ್ಷದ ಕೊನೆಗೆ ಅದು ಸಾವಿರಾರು ಮೊಬೈಲ್ ವಿಡಿಯೋಗಳಲ್ಲಿ ಕೇಳುತ್ತಿತ್ತು.

ಅಸ್ಸಾಫ್ ಒಬ್ಬನ ಅದೃಷ್ಟ ಇದು ಎನ್ನುವವರಿಗೆ ಮುಂದಿನ ಸುತ್ತುಗಳೇ ಉತ್ತರ. 2014ರಲ್ಲಿ ಗಲಿಲೀಯ ಮಜ್ದ್ ಅಲ್-ಕ್ರೂಮ್‌ನ ಹೈಥಮ್ ಖಲಾಯ್ಲಿ ಅಂತಿಮ ಸುತ್ತು ಮುಟ್ಟಿದ, ಪಕ್ಕದ ಊರಿನ ಮನಾಲ್ ಮೂಸಾ ಕೂಡ ಅದೇ ವೇದಿಕೆಯಲ್ಲಿ ಹಾಡಿದಳು. ಇಬ್ಬರೂ ಇಸ್ರೇಲಿ ಪೌರರು. ಇಸ್ರೇಲಿ ಕಾನೂನಿನ ಪ್ರಕಾರ ಲೆಬನಾನ್ ಶತ್ರುದೇಶ. ಆದರೂ ಪ್ಯಾಲೆಸ್ತೀನಿನ ಹೆಸರಿನಲ್ಲೇ ನಿಂತರು. 2017ರಲ್ಲಿ ಗೆದ್ದವನು ಬೆತ್ಲೆಹೇಮ್‌ನ ಸಿರಿಯಾಕ್ ಕ್ರೈಸ್ತ ಯಾಕೂಬ್ ಶಾಹೀನ್, ಅಂತಿಮ ಮೂವರಲ್ಲಿ ಮತ್ತೆ ಮಜ್ದ್ ಅಲ್-ಕ್ರೂಮ್‌ನ ಅಮೀರ್ ದಂದನ್. ಗಾಜಾ, ವೆಸ್ಟ್ ಬ್ಯಾಂಕ್, ಗಲಿಲೀ: 1948ರ ನಂತರ ಬೇರೆ ಬೇರೆ ಆಡಳಿತಗಳ ಕೆಳಗೆ ಬೇರೆಬೇರೆಯಾದ ಮೂರು ಸೀಮೆಗಳು, ನಾಲ್ಕು ವರ್ಷದೊಳಗೆ ಒಂದೇ ವೇದಿಕೆಗೆ ಬಂದವು. ಹಳೆಯ ಅಂಗಳದಲ್ಲಿ ಗಂಡಸರ ಸಾಲು ಬೇರೆ, ಹೆಂಗಸರ ಹಾಡು ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. ಹೆಂಗಸರ ಆ ಹಾಡುಗಳು ಟಿವಿ ಸ್ಪರ್ಧೆಯಲ್ಲಿ ಜಾಗ ಪಡೆಯಲಿಲ್ಲ. ಅವುಗಳಿಗೆ ಬೇರೆಯೇ ದಾರಿ ಬೇಕಾಯಿತು; ನಜರೆತ್‌ನ ಗಾಯಕಿ ದಲಾಲ್ ಅಬೂ ಆಮ್ನೆ ಅಜ್ಜಿಯರನ್ನೇ ವೇದಿಕೆಗೆ ಕರೆತಂದು ‘ಯಾ ಸಿತ್ತಿ’ ಎಂಬ ಹೆಸರಿನಲ್ಲಿ ಹಾಡಿಸಿದಳು.

2023ರ ಅಕ್ಟೋಬರಿನಲ್ಲಿ ಯುದ್ಧ ಶುರುವಾದ ನಂತರ ಖಾನ್ ಯೂನಿಸ್ ನೆಲಸಮವಾಗುತ್ತ ಬಂತು. ವೇದಿಕೆ ಕಟ್ಟುತ್ತಿದ್ದ ಬೀದಿಗಳು ಹೋದವು, ಶಿಬಿರದ ಕೇರಿಗಳಿಗಿದ್ದ ಹಳೆಯ ಊರಿನ ಹೆಸರುಗಳಿಗೆ ಅಂಟಿಕೊಳ್ಳಲು ಗೋಡೆಗಳಿಲ್ಲ. ಬೈತ್ ದರಾಸ್‌ನವರೇ ಎಂದು ಕರೆದರೆ ಓಗೊಡುವವರು ಡೇರೆಯಿಂದ ಡೇರೆಗೆ ಅಲೆಯುತ್ತಿದ್ದರು. ಆ ಡೇರೆಗಳಲ್ಲಿ ಅಹ್ಮದ್ ಅಬೂ ಅಮ್ಶಾ ಎಂಬ ಸಂಗೀತದ ಮೇಷ್ಟ್ರು, ಎಡ್ವರ್ಡ್ ಸಯೀದ್ ಸಂಗೀತಶಾಲೆಯಲ್ಲಿ ಗಿಟಾರ್ ಕಲಿಸುತ್ತಿದ್ದವರು, ನಿರಾಶ್ರಿತ ಮಕ್ಕಳನ್ನು ಸೇರಿಸಿ ಒಂದು ಹಾಡಿನ ಗುಂಪು ಮಾಡಿದರು. ಅದಕ್ಕೆ ಇಟ್ಟ ಹೆಸರು ಗಾಜಾದ ಹಾಡುವ ಹಕ್ಕಿಗಳು ಎಂಬರ್ಥದ್ದು. ತಲೆಯ ಮೇಲೆ ಡ್ರೋನ್ ಹಗಲೂ ರಾತ್ರಿ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತಿದ್ದುದರಿಂದ ಮಕ್ಕಳ ಪಾಠ ಕೆಡುತ್ತಿತ್ತು. ಮೇಷ್ಟ್ರು ಆ ಸ್ವರವನ್ನೇ ಶ್ರುತಿಯಾಗಿ ಹಿಡಿಯಲು ಹೇಳಿದರು. ಮಕ್ಕಳು ಕಿವಿಗೊಟ್ಟು, ದನಿ ಹೊಂದಿಸಿಕೊಂಡು, ಅದರ ಮೇಲೆ ಒಂದು ಹಳೆಯ ಜನಪದ ಹಾಡು ಎತ್ತಿಕೊಂಡರು.